ಕಂಪನಿ ಹುಟ್ಟಿಸುವುದು ಸುಲಭ ಮಾರಾಯ್ರೇ, ಸಾಕುವುದೇ ಕಷ್ಟ!

ಏಪ್ರಿಲ್ 8ರ ಸಂಜೆ. ಕಾರ್ಕಳದ ಪಂಪ್‌ಸೆಟ್ ಅಂಗಡಿಯೊಂದರಲ್ಲಿ ನಾವು ಮೂವರು ಗೆಳೆಯರು ಎದೆಯುಬ್ಬಿಸಿ ಕುಳಿತಿದ್ದೆವು. ನಮ್ಮ ಕೈಯಲ್ಲಿದ್ದದ್ದು ಟಿಫಿನ್ ಬಾಕ್ಸ್ ಗಾತ್ರದ ಒಂದು ಪೆಟ್ಟಿಗೆ. ವೋಲ್ಟೇಜ್ ಕುಸಿದಾಗ ಪಂಪ್ ಸುಟ್ಟುಹೋಗದಂತೆ ಅದನ್ನು ನಿಲ್ಲಿಸುವುದು, ಕರೆಂಟ್ ಸರಿಯಾದ ಕೂಡಲೇ ತೋಟದವರ ಮೊಬೈಲ್‌ಗೆ ಮೆಸೇಜ್ ಕಳುಹಿಸುವುದು ಅದರ ಕೆಲಸ. ಅಂಗಡಿಯ ಯಜಮಾನರು ಪೆಟ್ಟಿಗೆಯನ್ನು ತಿರುಗಿಸಿ ಮುರುಗಿಸಿ ನೋಡಿದರು. "ಒಳ್ಳೇದುಂಟು. ನಲವತ್ತು ಪೀಸ್ ಕೊಡಿ. ಬಿಲ್ ಕಂಪನಿ ಹೆಸರಲ್ಲೇ ಅಲ್ವಾ?" ಎಂದರು. "ಹೌದು ಸರ್, ಪ್ರೈವೇಟ್ ಲಿಮಿಟೆಡ್" ಎಂದು ಮೂವರೂ ಒಟ್ಟಿಗೆ ಹೇಳಿದೆವು.

ಪಕ್ಕದಲ್ಲಿದ್ದ ಅವರ ಲೆಕ್ಕ ಬರೆಯುವವರು ಮೊಬೈಲ್‌ನಲ್ಲಿ ಏನೋ ಹುಡುಕಿದರು. ಎರಡು ನಿಮಿಷದ ನಂತರ ತಲೆ ಎತ್ತಿ, "ನಿಮ್ಮ ಕಂಪನಿ ಇದುವರೆಗೆ ಒಂದು ವರ್ಷದ ಲೆಕ್ಕವನ್ನೂ ಸರ್ಕಾರಕ್ಕೆ ಕೊಟ್ಟ ಹಾಗೆ ಕಾಣುವುದಿಲ್ಲವಲ್ಲ?" ಎಂದರು.

ನಮ್ಮ ಎದೆ ಧಸಕ್ಕೆಂದಿತು. ಯಜಮಾನರು ಬೈಯಲಿಲ್ಲ. "ಅದೊಂದು ಸರಿ ಮಾಡಿಕೊಂಡು ಬನ್ನಿ, ಆಮೇಲೆ ನೋಡುವ" ಎಂದಷ್ಟೇ ಹೇಳಿದರು. ವಾಪಸು ಬರುವ ಬಸ್ಸಿನಲ್ಲಿ ಯಾರೂ ಮಾತನಾಡಲಿಲ್ಲ.

ನಾನು ಬಿಇ ಮೂರನೇ ವರ್ಷದ ವಿದ್ಯಾರ್ಥಿನಿ. ಮನೆ ಕಾಪು. ನನ್ನ ಇಬ್ಬರು ಗೆಳೆಯರಲ್ಲಿ ಒಬ್ಬಳು ಕಾರ್ಕಳದವಳು, ಇನ್ನೊಬ್ಬ ಮಣಿಪಾಲದವನು. ಕೆಲಸ ಹುಡುಕುವ ಬದಲು ಕೆಲಸ ಕೊಡುವವರಾಗಬೇಕು ಎಂದು ಎಲ್ಲ ವೇದಿಕೆಗಳಲ್ಲೂ ಹೇಳುತ್ತಾರಲ್ಲ, ಅದನ್ನು ಸ್ವಲ್ಪ ಬೇಗನೇ ನಂಬಿದವರು ನಾವು. ಕಂಪನಿ ಮಾಡಬೇಡಿ ಎಂದು ಹೇಳಲು ಇದನ್ನು ಬರೆಯುತ್ತಿಲ್ಲ. ಮಾಡಿದ ಮೇಲೆ ಏನೇನು ಮಾಡಬೇಕು ಎಂಬುದನ್ನು ನಮಗೆ ಯಾರೂ ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ. ನಿಮಗಾದರೂ ಗೊತ್ತಿರಲಿ ಎಂದು ಬರೆಯುತ್ತಿದ್ದೇನೆ.

ಹುಟ್ಟಿದ್ದು ಹೀಗೆ

ನಮ್ಮ ಮನೆಯ ಹಿತ್ತಲಲ್ಲಿ ಮಲ್ಲಿಗೆ ಕೃಷಿಯಿದೆ. ಕಾಪು ತಾಲ್ಲೂಕಿನ ಶಂಕರಪುರದ ಮಲ್ಲಿಗೆಯನ್ನು ಗೊತ್ತಿಲ್ಲದವರು ಕರಾವಳಿಯಲ್ಲಿ ಯಾರಿದ್ದಾರೆ? ಗಿಡಕ್ಕೆ ನೀರು ಬಿಡುವ ಹೊತ್ತಿಗೆ ವೋಲ್ಟೇಜ್ ಇರುವುದಿಲ್ಲ, ಪಂಪ್ ಗುಂಯ್‌ಗುಡುತ್ತದೆ, ಕಾಯಿಲ್ ಸುಡುತ್ತದೆ. ಒಂದೇ ಬೇಸಿಗೆಯಲ್ಲಿ ಅಮ್ಮ ಎರಡು ಬಾರಿ ಪಂಪ್ ರಿಪೇರಿ ಮಾಡಿಸಿದ್ದನ್ನು ನೋಡಿ ನಮ್ಮ ಪೆಟ್ಟಿಗೆ ಹುಟ್ಟಿತು. ಅದಕ್ಕೆ ಒಂದು ಅಂತರಕಾಲೇಜು ಸ್ಪರ್ಧೆಯಲ್ಲಿ ಬಹುಮಾನ ಬಂತು. ತೀರ್ಪುಗಾರರೊಬ್ಬರು "ಇದನ್ನು ಕಂಪನಿ ಮಾಡಿ" ಎಂದರು. ಅಷ್ಟೇ ಸಾಕಾಯಿತು.

ಎರಡನೇ ವರ್ಷದ ಜುಲೈಯಲ್ಲಿ ಕಂಪನಿ ನೋಂದಣಿಯಾಯಿತು. ಆಗ ನನಗೆ 18 ತುಂಬಿ ಕೆಲವೇ ತಿಂಗಳು. ಕಾನೂನಿನ ಪ್ರಕಾರ ನಿರ್ದೇಶಕರಾಗಲು 18 ತುಂಬಿದ್ದರೆ ಸಾಕು. ಪ್ರೈವೇಟ್ ಲಿಮಿಟೆಡ್‌ಗೆ ಕನಿಷ್ಠ ಇಬ್ಬರು ಷೇರುದಾರರು, ಇಬ್ಬರು ನಿರ್ದೇಶಕರು ಬೇಕು, ಅವರೇ ಇವರಾಗಬಹುದು. ಹಿಂದೆ ಕನಿಷ್ಠ ಒಂದು ಲಕ್ಷ ರೂಪಾಯಿ ಬಂಡವಾಳ ಬೇಕಿತ್ತು. 2015ರ ತಿದ್ದುಪಡಿಯಲ್ಲಿ ಆ ನಿಯಮ ಹೋಯಿತು. 2020ರಿಂದ 'ಸ್ಪೈಸ್ ಪ್ಲಸ್' ಎಂಬ ಒಂದೇ ಆನ್‌ಲೈನ್ ಅರ್ಜಿಯಲ್ಲಿ ಹೆಸರು, ನೋಂದಣಿ, ಪ್ಯಾನ್, ಟ್ಯಾನ್ ಎಲ್ಲವೂ ಆಗುತ್ತದೆ. ಅರ್ಜಿ ಪರಿಶೀಲನೆಯಾಗುವುದು ಹರಿಯಾಣದ ಮಾನೇಸರ್‌ನಲ್ಲಿರುವ ಕೇಂದ್ರೀಯ ನೋಂದಣಿ ಕೇಂದ್ರದಲ್ಲಿ. ನೋಂದಣಿಯಾದ ಮೇಲೆ ನಮ್ಮ ಜಾತಕ ಇರುವುದು ಬೆಂಗಳೂರಿನ ಕಂಪನಿ ರಿಜಿಸ್ಟ್ರಾರ್ ಬಳಿ.

ನಾವು ಇಟ್ಟ ಮೊದಲ ಹೆಸರು ಬೇರೆ ಕಂಪನಿಯ ಹೆಸರನ್ನು ಹೋಲುತ್ತದೆ ಎಂದು ತಿರಸ್ಕೃತವಾಯಿತು. ಎರಡನೆಯದು ಪಾಸಾಯಿತು. ಕಂಪನಿಗೆ ನೋಂದಾಯಿತ ಕಚೇರಿ ಬೇಕಲ್ಲ? ಕಾಪುವಿನ ನಮ್ಮ ಮನೆಯೇ ಕಚೇರಿ. ಅಮ್ಮನ ಹೆಸರಿನ ಕರೆಂಟ್ ಬಿಲ್ ಮತ್ತು "ನನ್ನ ಅಡ್ಡಿಯಿಲ್ಲ" ಎಂದು ಅವರು ಸಹಿ ಹಾಕಿದ ಪತ್ರ, ಇವೆರಡೇ ದಾಖಲೆ. ಸಹಿ ಹಾಕುವಾಗ ಅಮ್ಮ ಕೇಳಿದ್ದು ಒಂದೇ ಪ್ರಶ್ನೆ: "ನಾಳೆ ಯಾರಾದರೂ ಬಾಗಿಲಿಗೆ ಬಂದು ಹಣ ಕೇಳ್ತಾರಾ?" ನಾನು ನಕ್ಕುಬಿಟ್ಟಿದ್ದೆ.

ನೋಂದಣಿ ಪ್ರಮಾಣಪತ್ರದಲ್ಲಿ 21 ಅಕ್ಷರ-ಅಂಕಿಗಳ ಗುರುತಿನ ಸಂಖ್ಯೆ ಇತ್ತು. ನಡುವೆ ಕರ್ನಾಟಕದ 'ಕೆಎ', ಪಕ್ಕದಲ್ಲಿ ಹುಟ್ಟಿದ ವರ್ಷ. ಅದರ ಫೋಟೊ ತೆಗೆದು ಸ್ಟೇಟಸ್ ಹಾಕಿದೆವು. ಮೂವರ ಪ್ರೊಫೈಲ್‌ನಲ್ಲೂ 'ಕೋ-ಫೌಂಡರ್' ಎಂದು ಬಂತು. ಆಗ ನಾವು ಮಾರಿದ್ದ ಪೆಟ್ಟಿಗೆಗಳ ಸಂಖ್ಯೆ ಸೊನ್ನೆ.

ತಪ್ಪು ಯಾರದು?

ಕಾರ್ಕಳದಿಂದ ಬಂದ ರಾತ್ರಿ ನಾವು ಮೊದಲು ಬೈದದ್ದು ನೋಂದಣಿ ಮಾಡಿಸಿಕೊಟ್ಟ ಆನ್‌ಲೈನ್ ಏಜೆಂಟನ್ನು. ಆಮೇಲೆ ಉಡುಪಿಯ ಲೆಕ್ಕಪರಿಶೋಧಕರನ್ನು. ಮರುದಿನ ಬೆಳಿಗ್ಗೆ ಅವರ ಕಚೇರಿಗೆ ಹೋದೆವು. ಅವರು ಕಂಪ್ಯೂಟರ್ ತೆರೆದು ತೋರಿಸಿದರು. ಜನವರಿಯಿಂದ ಮಾರ್ಚ್‌ವರೆಗೆ ನಾಲ್ಕು ಇ-ಮೇಲ್ ಕಳುಹಿಸಿದ್ದರು. ಎಲ್ಲವೂ ಕಂಪನಿಯ ನೋಂದಾಯಿತ ಇ-ಮೇಲ್ ವಿಳಾಸಕ್ಕೆ. ನೋಂದಣಿಯ ದಿನ ಸೃಷ್ಟಿಸಿದ ಆ ವಿಳಾಸವನ್ನು ನಾವು ಆಮೇಲೆ ತೆರೆದೇ ಇರಲಿಲ್ಲ.

"ಒಂದು ಸಲ ಫೋನೂ ಮಾಡಿದ್ದೆ, ನಿಮ್ಮಲ್ಲೇ ಯಾರಿಗೋ" ಎಂದರು.

ನನ್ನ ಮೊಬೈಲ್‌ನ ಕರೆಗಳ ಪಟ್ಟಿಯನ್ನು ಕೆಳಗೆ, ಇನ್ನೂ ಕೆಳಗೆ ಜಾರಿಸಿದೆ. ಜನವರಿ ಎರಡನೇ ವಾರ, ಮಧ್ಯಾಹ್ನ. ಲ್ಯಾಬ್ ಪರೀಕ್ಷೆಗೆ ಒಳಗೆ ಹೋಗುವ ಹೊತ್ತು. "ಡಿಜಿಟಲ್ ಸಹಿಯ ಟೋಕನ್ ತಂದುಕೊಡಿ, ಎರಡು ಫಾರ್ಮ್ ಸಲ್ಲಿಸಲಿಕ್ಕಿದೆ" ಎಂದಿದ್ದರು. "ಆಯ್ತು ಸರ್, ಕಳಿಸ್ತೇನೆ" ಎಂದಿದ್ದೆ. ಹೇಳಿದ್ದೂ ನಾನೇ, ಮರೆತದ್ದೂ ನಾನೇ. ಪೆನ್‌ಡ್ರೈವ್‌ನಂತಿರುವ ಆ ಮೂರು ಟೋಕನ್‌ಗಳು ಮಣಿಪಾಲದ ಗೆಳೆಯನ ಕಪಾಟಿನಲ್ಲಿ ಒಂದು ಪೌಚ್‌ನೊಳಗೆ ಭದ್ರವಾಗಿದ್ದವು. ಗೆಳೆಯರಿಬ್ಬರೂ ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ವಿಚಿತ್ರವೆಂದರೆ ನಾವು ವಾರ್ಷಿಕ ಮಹಾಸಭೆ ಮಾಡಿದ್ದೆವು! ಮೊದಲ ಹಣಕಾಸು ವರ್ಷ ಮಾರ್ಚ್ 31ಕ್ಕೆ ಮುಗಿದರೆ, ಒಂಬತ್ತು ತಿಂಗಳೊಳಗೆ ಮೊದಲ ಮಹಾಸಭೆ ಆಗಬೇಕು. ಅಂದರೆ ಡಿಸೆಂಬರ್ 31 ಕೊನೆಯ ದಿನ. ಅಂದೇ ನಮ್ಮ ಮನೆಯ ಜಗಲಿಯಲ್ಲಿ ಮೂವರು ಷೇರುದಾರರು ಸೇರಿ, ಆಡಿಟ್ ಆದ ಲೆಕ್ಕವನ್ನು ಅಂಗೀಕರಿಸಿ, ನಡಾವಳಿ ಬರೆದು, ಅಮ್ಮ ಮಾಡಿದ ಗೋಳಿಬಜೆ ತಿಂದು ಎದ್ದಿದ್ದೆವು. ಅಲ್ಲಿಗೆ ಮುಗಿಯಿತು ಅಂದುಕೊಂಡದ್ದೇ ತಪ್ಪು. ಸಭೆಯಾದ 30 ದಿನದೊಳಗೆ ಲೆಕ್ಕಪತ್ರವನ್ನು ಎಒಸಿ-4 ಎಂಬ ಫಾರ್ಮ್‌ನಲ್ಲಿ, 60 ದಿನದೊಳಗೆ ವಾರ್ಷಿಕ ವರದಿಯನ್ನು ಎಂಜಿಟಿ-7ಎ ಎಂಬ ಫಾರ್ಮ್‌ನಲ್ಲಿ ರಿಜಿಸ್ಟ್ರಾರ್‌ಗೆ ಸಲ್ಲಿಸಬೇಕು. ತಪ್ಪಿದರೆ ಪ್ರತಿ ಫಾರ್ಮ್‌ಗೆ ದಿನಕ್ಕೆ 100 ರೂಪಾಯಿ ಹೆಚ್ಚುವರಿ ಶುಲ್ಕ. ಇಷ್ಟಕ್ಕೇ ನಿಲ್ಲುತ್ತದೆ ಎಂಬ ಮಿತಿ ಇಲ್ಲ. ಕಂಪನಿ ವ್ಯಾಪಾರ ಮಾಡಿದೆಯೋ ಇಲ್ಲವೋ ಎಂಬುದನ್ನೂ ಅದು ಕೇಳುವುದಿಲ್ಲ.

ಏಪ್ರಿಲ್ 10ಕ್ಕೆ ಫಾರ್ಮ್ ಸಲ್ಲಿಸಿದೆವು. ಮೊದಲನೆಯದು 70 ದಿನ ತಡ, 7,000 ರೂಪಾಯಿ. ಎರಡನೆಯದು 40 ದಿನ ತಡ, 4,000 ರೂಪಾಯಿ. ಒಟ್ಟು 11,000. ಅಷ್ಟರವರೆಗೆ ನಾವು ಮಾರಿದ್ದು 31 ಪೆಟ್ಟಿಗೆ. ಒಂದರಲ್ಲಿ ಉಳಿಯುವುದು ಸುಮಾರು 400 ರೂಪಾಯಿ. ಗುಣಿಸಿ ನೋಡಿ: 12,400. ಎರಡು ವರ್ಷ ಬೆಸುಗೆ ಹಾಕಿ, ತೋಟ ತೋಟ ಅಲೆದು ಗಳಿಸಿದ್ದನ್ನು ಒಂದು ಮರೆವು ನುಂಗಿತು. ಆಡಿಟ್ ಖರ್ಚು ಸೇರಿಸಿದರೆ ನಷ್ಟವೇ.

ಕಂಪನಿ ಖಾತೆಯಲ್ಲಿ ಅಷ್ಟು ಹಣವೂ ಇರಲಿಲ್ಲ. ಇದ್ದದ್ದೆಲ್ಲ ಬಿಡಿಭಾಗಗಳಿಗೆ ಹೋಗಿತ್ತು. ಅಮ್ಮ ಮಲ್ಲಿಗೆ ಹಣದಿಂದ ಕೊಟ್ಟರು. "ದಾನ ಅಲ್ಲ, ಸಾಲ ಅಂತ ಬರ್ಕೊಳ್ಳಿ" ಎಂದರು. ಅದಕ್ಕೂ ಕಾನೂನಿದೆ! ಪ್ರೈವೇಟ್ ಕಂಪನಿ ಸಿಕ್ಕಸಿಕ್ಕವರಿಂದ ಕೈಸಾಲ ಪಡೆಯುವಂತಿಲ್ಲ. ನಿರ್ದೇಶಕರಿಂದ ಅಥವಾ ಅವರ ಹತ್ತಿರದ ಸಂಬಂಧಿಕರಿಂದ ಪಡೆಯಬಹುದು, ಆದರೆ "ಇದು ನನ್ನದೇ ಹಣ, ಬೇರೆಯವರಿಂದ ಸಾಲ ತಂದು ಕೊಟ್ಟದ್ದಲ್ಲ" ಎಂದು ಕೊಡುವವರು ಬರೆದುಕೊಡಬೇಕು. ಅಮ್ಮ ಎರಡನೇ ಬಾರಿ ಸಹಿ ಹಾಕಿದರು. ಈ ಸಲ ಪ್ರಶ್ನೆ ಕೇಳಲಿಲ್ಲ.

ಎರಡಾಣೆಯ ಊರು

ಅಂದು ಉಡುಪಿಯ ಬಸ್ ನಿಲ್ದಾಣದಲ್ಲಿ ಕಾಯುವಾಗ ಗೆಳತಿ ಹೇಳಿದ ಮಾತು ತಲೆಯಲ್ಲಿ ಕುಳಿತಿದೆ: "ನಮ್ಮ ಊರಿನವರು ದಿನಕ್ಕೆ ಎರಡಾಣೆ ಸೇರಿಸಿ ಬ್ಯಾಂಕ್ ಕಟ್ಟಿದರು. ನಾವು ದಿನಕ್ಕೆ ಇನ್ನೂರು ರೂಪಾಯಿ ಕಳೆದೆವು."

ನಿಜ. 1906ರ ಮಾರ್ಚ್ 12ರಂದು ಹಾಜಿ ಅಬ್ದುಲ್ಲಾ ಸಾಹೇಬರ ನೇತೃತ್ವದಲ್ಲಿ ಉಡುಪಿಯಲ್ಲಿ ಶುರುವಾದ 'ಕೆನರಾ ಬ್ಯಾಂಕಿಂಗ್ ಕಾರ್ಪೊರೇಷನ್' ಕೂಡ ಒಂದು ಲಿಮಿಟೆಡ್ ಕಂಪನಿಯೇ. ಆರಂಭದ ಬಂಡವಾಳ 5,000 ರೂಪಾಯಿ. ಮೊದಲ ದಿನದ ಕೊನೆಗೆ ಅದರಲ್ಲಿದ್ದ ಸಂಪನ್ಮೂಲ 38 ರೂಪಾಯಿ 13 ಆಣೆ 2 ಪೈ. ಪೈಯವರೆಗೂ ಲೆಕ್ಕ ಇಟ್ಟಿದ್ದರಿಂದಲೇ ಅದು ಇಂದಿಗೂ ನಮಗೆ ಗೊತ್ತು! ಮುಂದೆ ಅದೇ ಕಾರ್ಪೊರೇಷನ್ ಬ್ಯಾಂಕ್ ಆಯಿತು. 1925ರಲ್ಲಿ ಉಡುಪಿಯಲ್ಲೇ ವೈದ್ಯರಾದ ಡಾ. ಟಿ.ಎಂ.ಎ. ಪೈ, ಉದ್ಯಮಿ ಉಪೇಂದ್ರ ಪೈ, ಎಂಜಿನಿಯರ್ ವಾಮನ ಕುಡ್ವ ಸೇರಿ 8,000 ರೂಪಾಯಿ ಬಂಡವಾಳದಲ್ಲಿ ಇನ್ನೊಂದು ಸಂಸ್ಥೆ ಕಟ್ಟಿದರು. ಕಷ್ಟದಲ್ಲಿದ್ದ ಕೈಮಗ್ಗದ ನೇಕಾರರಿಗೆ ನೆರವಾಗುವುದು ಅವರ ಉದ್ದೇಶವಾಗಿತ್ತು. 1928ರಲ್ಲಿ ಅದು ಮನೆಮನೆಗೆ ಹೋಗಿ ದಿನಕ್ಕೆ ಎರಡಾಣೆ ಸಂಗ್ರಹಿಸುವ ಪಿಗ್ಮಿ ಯೋಜನೆ ತಂದಿತು. 1964ರಲ್ಲಿ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರು ಬದಲಾಯಿತು, ಪ್ರಧಾನ ಕಚೇರಿ ಮಣಿಪಾಲಕ್ಕೆ ಬಂತು.

2020ರ ಏಪ್ರಿಲ್ 1ರಂದು ಎರಡೂ ಬೇರೆ ಬ್ಯಾಂಕ್‌ಗಳಲ್ಲಿ ವಿಲೀನವಾದವು, ಆ ಮಾತು ಬೇರೆ. ನಾವು ಮೂವರು ಎಂಜಿನಿಯರ್‌ಗಳಾಗುವವರು ಪೆಟ್ಟಿಗೆಯ ಸರ್ಕ್ಯೂಟ್ ಬಗ್ಗೆ ದಿನವಿಡೀ ತಲೆ ಕೆಡಿಸಿಕೊಂಡೆವು. ದಿನಕ್ಕೊಂದು ಸಾಲು ಲೆಕ್ಕ ಬರೆಯುವುದು, ವಾರಕ್ಕೊಮ್ಮೆ ಇ-ಮೇಲ್ ತೆರೆಯುವುದು ನಮಗೆ ಕೆಲಸ ಎಂದೇ ಅನ್ನಿಸಿರಲಿಲ್ಲ.

ಕಂಪನಿಯೇ ಬೇಕಾ?

ಶುಲ್ಕ ಕಟ್ಟಿದ ಮೇಲೆ ಲೆಕ್ಕಪರಿಶೋಧಕರು ನಮ್ಮನ್ನು ಕೂರಿಸಿ ಕೇಳಿದರು: "ನಿಮಗೆ ಈ ವಯಸ್ಸಲ್ಲಿ ಪ್ರೈವೇಟ್ ಲಿಮಿಟೆಡ್ ಯಾಕೆ ಬೇಕಾಯ್ತು?" ಉತ್ತರ ಇರಲಿಲ್ಲ. ಅವರು ಅರ್ಧ ಗಂಟೆ ವಿವರಿಸಿದ್ದರ ಸಾರ ಇಷ್ಟು.

ಒಬ್ಬರೇ ಇದ್ದು ಸಣ್ಣದಾಗಿ ಮಾರುವುದಾದರೆ ಸ್ವಂತ ಹೆಸರಿನ ವ್ಯಾಪಾರ ಸಾಕು. ಉದ್ಯಮ್ ನೋಂದಣಿ ಉಚಿತ. ಸರಕು ಮಾರುವವರ ವಹಿವಾಟು ವರ್ಷಕ್ಕೆ 40 ಲಕ್ಷ ರೂಪಾಯಿ ದಾಟುವವರೆಗೆ, ರಾಜ್ಯದೊಳಗೆ ಮಾತ್ರ ಮಾರುವುದಾದರೆ, ಸಾಮಾನ್ಯವಾಗಿ ಜಿಎಸ್‌ಟಿ ಕಡ್ಡಾಯವಲ್ಲ. ಸೇವೆಗಳಿಗೆ ಈ ಮಿತಿ 20 ಲಕ್ಷ.

ಇಬ್ಬರು ಮೂವರಿದ್ದರೆ ಪಾಲುದಾರಿಕೆ ಮಾಡಬಹುದು. ಇದು 1932ರ ಕಾಯ್ದೆ, ನೋಂದಣಿ ರಾಜ್ಯ ಸರ್ಕಾರದ ಫರ್ಮ್‌ಗಳ ರಿಜಿಸ್ಟ್ರಾರ್ ಬಳಿ. ನೋಂದಣಿ ಕಡ್ಡಾಯವಲ್ಲ, ಆದರೆ ಮಾಡದಿದ್ದರೆ ಹಣ ಕೊಡದವರ ಮೇಲೆ ಫರ್ಮ್ ಹೆಸರಿನಲ್ಲಿ ದಾವೆ ಹೂಡುವಂತಿಲ್ಲ. ಅಪಾಯವೂ ಇದೆ: ವ್ಯಾಪಾರದ ಸಾಲ ಪಾಲುದಾರರ ಸ್ವಂತ ಆಸ್ತಿಯವರೆಗೂ ಬರುತ್ತದೆ.

ಎಲ್‌ಎಲ್‌ಪಿ, ಅಂದರೆ ಸೀಮಿತ ಹೊಣೆಯ ಪಾಲುದಾರಿಕೆ, 2008ರ ಕಾಯ್ದೆಯದು. ಹೊಣೆ ಸೀಮಿತ. ವಹಿವಾಟು 40 ಲಕ್ಷ ಮತ್ತು ಬಂಡವಾಳ 25 ಲಕ್ಷ ದಾಟದಿದ್ದರೆ ಈ ಕಾಯ್ದೆಯಡಿ ಆಡಿಟ್ ಕಡ್ಡಾಯವಲ್ಲ. ಆದರೆ ವ್ಯಾಪಾರ ಇರಲಿ ಬಿಡಲಿ, ಮೇ 30 ಮತ್ತು ಅಕ್ಟೋಬರ್ 30ರೊಳಗೆ ವರ್ಷಕ್ಕೆ ಎರಡು ಫಾರ್ಮ್ ಸಲ್ಲಿಸಲೇಬೇಕು.

ಪ್ರೈವೇಟ್ ಲಿಮಿಟೆಡ್ ಬೇಕಾಗುವುದು ಹೊರಗಿನವರು ಷೇರು ಕೊಂಡು ಬಂಡವಾಳ ಹಾಕುವಾಗ, ಇಲ್ಲವೇ ದೊಡ್ಡ ಹೊಣೆಗಾರಿಕೆ ಇರುವ ವ್ಯಾಪಾರದಲ್ಲಿ. ಕಂಪನಿ ಕಾನೂನಿನ ಕಣ್ಣಿಗೆ ಬೇರೆಯೇ ಒಬ್ಬ ವ್ಯಕ್ತಿ. ಇದನ್ನು 1897ರಲ್ಲೇ ಸಾಲೊಮನ್ ಎಂಬ ಬೂಟು ವ್ಯಾಪಾರಿಯ ಪ್ರಕರಣದಲ್ಲಿ ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್ ಖಚಿತಪಡಿಸಿತ್ತು. ಅಮ್ಮನ ಮೊದಲ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ಕಂಪನಿಯ ಸಾಲಕ್ಕೆ ಮನೆಗೆ ಯಾರೂ ಬರುವುದಿಲ್ಲ, ನಾವು ವೈಯಕ್ತಿಕ ಜಾಮೀನು ಹಾಕದಿದ್ದರೆ ಮತ್ತು ಮೋಸ ಮಾಡದಿದ್ದರೆ. ಆದರೆ ಬೇರೆ ವ್ಯಕ್ತಿ ಎಂದ ಮೇಲೆ ಅವನಿಗೆ ಬೇರೆ ಬ್ಯಾಂಕ್ ಖಾತೆ, ಬೇರೆ ಲೆಕ್ಕ, ಪ್ರತಿವರ್ಷ ಆಡಿಟ್ ಎಲ್ಲವೂ ಬೇಕು.

ಗೋಡೆಯ ಮೇಲಿನ ತಾರೀಕುಗಳು

ಈಗ ನಮ್ಮ ಮನೆಯ ಕ್ಯಾಲೆಂಡರ್‌ನಲ್ಲಿ ಹಬ್ಬಗಳ ಜತೆ ಕೆಂಪು ಶಾಯಿಯ ಗುರುತುಗಳಿವೆ. ಹೊಸದಾಗಿ ಕಂಪನಿ ಮಾಡುವವರು ಬರೆದಿಟ್ಟುಕೊಳ್ಳಿ. ನೋಂದಣಿಯಾದ 30 ದಿನದೊಳಗೆ ಮೊದಲ ನಿರ್ದೇಶಕರ ಸಭೆ, ಮೊದಲ ಆಡಿಟರ್ ನೇಮಕ. 180 ದಿನದೊಳಗೆ ಷೇರು ಹಣ ಖಾತೆಗೆ ಬಂದಿದೆ ಎಂದು ಐಎನ್‌ಸಿ-20ಎ ಘೋಷಣೆ; ಇದಾಗದೆ ವ್ಯಾಪಾರ ಶುರು ಮಾಡುವಂತೆಯೇ ಇಲ್ಲ. ಸಣ್ಣ ಕಂಪನಿಯಾದರೆ ಆರು ತಿಂಗಳಿಗೊಂದರಂತೆ ವರ್ಷಕ್ಕೆ ಎರಡು ನಿರ್ದೇಶಕರ ಸಭೆ, ನಡುವೆ ಕನಿಷ್ಠ 90 ದಿನ ಅಂತರ. ಮೊದಲ ವರ್ಷದ ನಂತರ ಮಹಾಸಭೆಗೆ ಸೆಪ್ಟೆಂಬರ್ 30 ಕೊನೆಯ ದಿನ. ಆಮೇಲೆ ನಮ್ಮನ್ನು ಅಳಿಸಿದ ಆ ಎರಡು ಫಾರ್ಮ್‌ಗಳು. ಆದಾಯ ತೆರಿಗೆ ವಿವರ ಬೇರೆಯೇ. ಲಾಭ ಸೊನ್ನೆಯಾದರೂ ಕಂಪನಿ ಅದನ್ನು ಸಲ್ಲಿಸಬೇಕು.

ಇದು ಕೇಂದ್ರದ ಪಟ್ಟಿ. ರಾಜ್ಯದ್ದು ಇನ್ನೊಂದಿದೆ. ಕಂಪನಿಯ ಮೂಲ ದಾಖಲೆಗಳ ಮುದ್ರಾಂಕ ಶುಲ್ಕ ರಾಜ್ಯದ್ದು. ವೃತ್ತಿ ತೆರಿಗೆ ಕಂಪನಿಗೆ ವರ್ಷಕ್ಕೆ 2,500 ರೂಪಾಯಿ, ಏಪ್ರಿಲ್ 30ರೊಳಗೆ. ಅಂಗಡಿ ಅಥವಾ ಕಚೇರಿ ತೆರೆದರೆ ಕಾರ್ಮಿಕ ಇಲಾಖೆಯ 1961ರ ಕಾಯ್ದೆಯ ನೋಂದಣಿ, ಸ್ಥಳೀಯ ಸಂಸ್ಥೆಯ ಉದ್ದಿಮೆ ಪರವಾನಗಿ ವಿಚಾರಿಸಿಕೊಳ್ಳಬೇಕು. ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕು ಎಂಬುದು 2024ರಲ್ಲಿ ತಿದ್ದುಪಡಿಯಾದ ಕಾನೂನು.

ಇಷ್ಟೆಲ್ಲ ಬೇಡಪ್ಪ, ಕಂಪನಿಯನ್ನು ಹಾಗೇ ಬಿಟ್ಟುಬಿಡೋಣ ಅಂದುಕೊಂಡೀರಿ ಜೋಕೆ! ಅದೇ ದೊಡ್ಡ ಅಪಾಯ. ಸತತ ಮೂರು ವರ್ಷ ಲೆಕ್ಕ ಅಥವಾ ವಾರ್ಷಿಕ ವರದಿ ಕೊಡದ ಕಂಪನಿಯ ನಿರ್ದೇಶಕರು ಐದು ವರ್ಷ ಅನರ್ಹರಾಗುತ್ತಾರೆ. 2017ರಲ್ಲಿ ದೇಶದಾದ್ಯಂತ ಎರಡು ಲಕ್ಷಕ್ಕೂ ಹೆಚ್ಚು ಕಂಪನಿಗಳ ಹೆಸರು ಪಟ್ಟಿಯಿಂದ ಹೋಯಿತು, ಮೂರು ಲಕ್ಷಕ್ಕೂ ಹೆಚ್ಚು ನಿರ್ದೇಶಕರು ಅನರ್ಹರಾದರು. ಕಾಲೇಜಿನಲ್ಲಿ ಖುಷಿಗೆ ಮಾಡಿ ಮರೆತ ಕಂಪನಿ, ನಿಮಗೆ 25 ಆಗಿ ನಿಜವಾದ ಉದ್ಯಮ ಶುರು ಮಾಡುವಾಗ ಅಡ್ಡ ಬಂದು ನಿಲ್ಲಬಹುದು. ಮುಚ್ಚುವುದಾದರೆ ಬಾಕಿಯೆಲ್ಲ ತೀರಿಸಿ ಅರ್ಜಿ ಹಾಕಿ ಮುಚ್ಚಬೇಕು. ಸ್ವಲ್ಪ ಕಾಲ ನಿಲ್ಲಿಸುವುದಾದರೆ 'ಸುಪ್ತ ಕಂಪನಿ' ಎಂದು ಘೋಷಿಸಿಕೊಳ್ಳುವ ದಾರಿಯೂ ಕಾಯ್ದೆಯಲ್ಲಿದೆ.

ಮುಂದೇನು?

ಮುಚ್ಚೋಣ ಎಂದು ಮಣಿಪಾಲದ ಗೆಳೆಯ ಹೇಳಿದ. ಅಂತಿಮ ವರ್ಷ, ಪ್ಲೇಸ್‌ಮೆಂಟ್, ಪ್ರಾಜೆಕ್ಟ್. ಅವನ ಮಾತು ತಪ್ಪಲ್ಲ. ಗೆಳತಿ ಬೇಡ ಎಂದಳು. ಕೊನೆಗೆ ಒಪ್ಪಂದಕ್ಕೆ ಬಂದೆವು: ಮುಂದಿನ ಮಾರ್ಚ್ 31ರೊಳಗೆ ಇನ್ನೂ ನೂರು ಪೆಟ್ಟಿಗೆ ಮಾರಿದರೆ ಕಂಪನಿ ಉಳಿಯುತ್ತದೆ. ಇಲ್ಲದಿದ್ದರೆ ಕ್ರಮಬದ್ಧವಾಗಿ ಮುಚ್ಚಿ, ಮೂವರೂ ಗೆಳೆಯರಾಗಿಯೇ ಉಳಿಯುವುದು. ಅದನ್ನು ನಡಾವಳಿ ಪುಸ್ತಕದಲ್ಲಿ ಬರೆದು ಸಹಿ ಹಾಕಿದ್ದೇವೆ. ಟೋಕನ್‌ಗಳು ಈಗ ಮೂವರ ಬಳಿ ಒಂದೊಂದಿವೆ. ಪ್ರತಿ ಸೋಮವಾರ ಕಂಪನಿಯ ಇ-ಮೇಲ್ ತೆರೆಯುವ ಕೆಲಸ ನನ್ನದು. ಕೇಳಿ ಪಡೆದದ್ದು.

ಫಾರ್ಮ್ ಸಲ್ಲಿಕೆಯಾಗಿ ಜಾಲತಾಣದಲ್ಲಿ ಲೆಕ್ಕದ ತಾರೀಕು ಕಾಣಿಸಿಕೊಂಡ ಮೇಲೆ ಮತ್ತೆ ಕಾರ್ಕಳಕ್ಕೆ ಹೋದೆವು. ಯಜಮಾನರು ನಲವತ್ತು ಕೊಳ್ಳಲಿಲ್ಲ. "ಮೊದಲು ಹತ್ತು ಕೊಡಿ, ಮಳೆಗಾಲ ಕಳೆದ ಮೇಲೆ ನೋಡುವ" ಎಂದರು. ಹತ್ತು ಕೊಟ್ಟು ಬಂದೆವು.

ರಾತ್ರಿ ಆ ಹಣದಲ್ಲಿ ಅಮ್ಮನ ಸಾಲದ ಮೊದಲ ಕಂತು ಕೊಟ್ಟೆ. ಅಮ್ಮ ತಮ್ಮ ಮಲ್ಲಿಗೆ ಲೆಕ್ಕದ ಪುಸ್ತಕ ತೆಗೆದು ಬರೆದುಕೊಂಡರು. ನಾನು ಹುಟ್ಟುವ ಮೊದಲಿನಿಂದಲೂ ಅವರು ಇಂಥ ಪುಸ್ತಕ ಇಡುತ್ತಿದ್ದಾರೆ. ಇವತ್ತು ಎಷ್ಟು ಅಟ್ಟೆ, ಎಷ್ಟು ಚೆಂಡು, ದರ ಎಷ್ಟು, ಕಟ್ಟೆಯಿಂದ ಬರಬೇಕಾದದ್ದೆಷ್ಟು. ಹೂವು ಸಿಗದ ದಿನವೂ ತಾರೀಕು ಹಾಕಿ ಒಂದು ಗೆರೆ ಎಳೆದಿದ್ದಾರೆ. ಒಂದೇ ಒಂದು ದಿನವೂ ಬಿಟ್ಟಿಲ್ಲ. ಎದುರಿಗೇ ಇದ್ದ ಪುಸ್ತಕವನ್ನು ನಾನು ಇಷ್ಟು ವರ್ಷ ಸರಿಯಾಗಿ ನೋಡಿಯೇ ಇರಲಿಲ್ಲ.